ಅಜ್ಜಿಯ ಕಮೋಡು, ಸೈಕಲ್ ಟ್ಯೂಬು ಮತ್ತು ನಾನು

"ನಿಮ್ಮಜ್ಜಿ ಸರಿಯಾಗಿ ನೀರೇ ಕುಡೀತಿಲ್ಲ ಕಣೋ. ಸಾಯಂಕಾಲ ಆದ್ಮೇಲೆ ಒಂದು ಲೋಟ ಮಜ್ಜಿಗೆನೂ ಬೇಡ ಅಂತಾರೆ" ಅಂತ ಅಮ್ಮ ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಲ್ಲಿ ಮೀಟಿಂಗಿಗೆ ಹೊರಟಿದ್ದೆ. ಏಪ್ರಿಲ್ ಬಿಸಿಲು, 78 ವರ್ಷದ ಜೀವ, ನೀರು ಬೇಡ ಅಂದರೆ ಹೇಗೆ? ಶನಿವಾರ ಬೆಳಗ್ಗೆ ರೈಲು ಹತ್ತಿ ಗುಬ್ಬಿಯಲ್ಲಿ ಇಳಿದು, ಬಸ್ಸು ಹಿಡಿದು ಹಾಗಲವಾಡಿ ಸೇರಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದು ಅಂತಲೇ ನನ್ನ ಲೆಕ್ಕ.

ಅಜ್ಜಿ ಜಗಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸ್ತಿದ್ದರು. "ನಂಗೇನಾಗೈತೆ? ಚೆನ್ನಾಗಿವ್ನಿ" ಅಂದರು. ಮಧ್ಯಾಹ್ನ ಅಮ್ಮ ಹೊರಗೆ ಹೋದಾಗ ಪಕ್ಕ ಕರೆದು, ದನಿ ಇಳಿಸಿ, "ಲೇ ಮಗ, ಆ ಕಕ್ಕಸಿನ ಕುರ್ಚಿ ಜಾರ್ತದೆ ಕಣ್ಲಾ. ಕೂತ್ರೆ ಪಕ್ಕಕ್ಕೆ ಎಳೀತದೆ. ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮವ್ವಂಗೆ ಕಷ್ಟ. ಅದ್ಕೇ ಹೋಗೋದೇ ಕಮ್ಮಿ ಮಾಡೀವ್ನಿ" ಅಂದರು.

ನನಗೆ ಮಾತೇ ಹೊರಡಲಿಲ್ಲ. ಹೋಗೋದು ಕಮ್ಮಿ ಮಾಡಬೇಕಂದ್ರೆ ಕುಡಿಯೋದು ಕಮ್ಮಿ ಮಾಡಬೇಕು. ಕಾಯಿಲೆ ಇದ್ದದ್ದು ಅಜ್ಜಿಗಲ್ಲ, ಕಮೋಡಿಗೆ.

ಒಂದು ಕಾಲಕ್ಕೆ ಪಾಳೇಗಾರರು ಆಳಿದ ಊರು ನಮ್ಮದು. ಆದರೆ ಅಜ್ಜಿ ಮದುವೆಯಾಗಿ ಬಂದ ಮೇಲೂ ಎಷ್ಟೋ ವರ್ಷ ಚೆಂಬು ಹಿಡಿದು, ಕತ್ತಲಿರುವಾಗಲೇ ಹೊಲದ ಕಡೆ ಹೋದವರು. 2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ ಶುರುವಾಗಿ ಊರೂರಲ್ಲಿ ಶೌಚಾಲಯ ಕಟ್ಟುವಾಗ ನಮ್ಮ ಹಿತ್ತಲಲ್ಲೂ ಒಂದು ಎದ್ದಿತು. ಅದು ನೆಲದ ಮೇಲೆ ಕೂರುವಂಥದ್ದು. ಮಂಡಿ ಕೈಕೊಟ್ಟ ಮೇಲೆ ಅಜ್ಜಿಗೆ ಕೂತರೆ ಏಳೋಕಾಗ್ತಿರಲಿಲ್ಲ. ಎರಡು ವರ್ಷದ ಹಿಂದೆ ನಾನೇ ದುಡ್ಡು ಕೊಟ್ಟು ವೆಸ್ಟರ್ನ್ ಕಮೋಡು ಹಾಕಿಸಿದ್ದೆ. ದುಡ್ಡು ಕಳಿಸಿ ಮರೆತೂ ಬಿಟ್ಟಿದ್ದೆ.

ಹೋಗಿ ಸೀಟು ಹಿಡಿದು ಅಲ್ಲಾಡಿಸಿದೆ. ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಯಿತು. ಇಂಜಿನಿಯರಿಂಗ್ ಓದಿದವನಲ್ವಾ, ಅಪ್ಪನ ಪಂಪ್‌ಸೆಟ್ಟಿನ ಸ್ಪ್ಯಾನರ್ ತಂದು ನೆಲದ ಮೇಲೆ ಅಂಗಾತ ಮಲಗಿದೆ. ಸೀಟಿನ ಹಿಂದಿನ ಎರಡು ಬೋಲ್ಟು ಪಿಂಗಾಣಿಯ ತೂತಿನಿಂದ ಕೆಳಗೆ ಬಂದಿರುತ್ತವೆ, ಅವಕ್ಕೆ ಪ್ಲಾಸ್ಟಿಕ್ ನಟ್ಟು. ಬಗ್ಗಿ ಮೇಲಿನಿಂದ ಕೈ ಹಾಕಿದಾಗ ಯಾವ ಕಡೆ ತಿರುಗಿಸಬೇಕು ಅನ್ನೋದೇ ಉಲ್ಟಾ ಆಗಿ, ಮೊದಲು ಇನ್ನಷ್ಟು ಸಡಿಲ ಮಾಡಿದೆ! ಕೆಳಗಿಂದ ನಟ್ಟಿಗೆ ಮುಖ ಮಾಡಿ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿ ಅಂತ ಆಮೇಲೆ ಹೊಳೆಯಿತು. ಬಿಗಿ ಮಾಡಿದೆ. "ಆಯ್ತು ಅಜ್ಜಿ" ಅಂತ ಎದೆಯುಬ್ಬಿಸಿ ಭಾನುವಾರ ಬೆಂಗಳೂರಿಗೆ ವಾಪಸ್ಸು.

ಹತ್ತು ದಿನಕ್ಕೆ ಅಮ್ಮನ ಫೋನು: "ಮತ್ತೆ ಜಾರ್ತಿದೆ."

ಆಫೀಸಲ್ಲಿ ನಾವು ಕಾರಣ ಹುಡುಕದೆ ಮೇಲ್ಮೇಲೆ ತೇಪೆ ಹಾಕಿದ ಬಗ್ ಹೀಗೇ ವಾಪಸ್ ಬರುತ್ತೆ. ಈ ಸಲ ಪೂರ್ತಿ ಬಿಚ್ಚಿ ನೋಡಿದೆ. ಪಿಂಗಾಣಿಯ ತೂತು ಬೋಲ್ಟಿಗಿಂತ ದೊಡ್ಡದು. ಅದು ಬೇಕಂತಲೇ ಹಾಗಿರುತ್ತೆ, ಬೇರೆ ಬೇರೆ ಸೀಟು ಹಿಂದೆ ಮುಂದೆ ಸರಿಸಿ ಕೂರಿಸಲಿ ಅಂತ. ಆ ಬೋಲ್ಟು ಅಲುಗದಂತೆ ಹಿಡಿಯಬೇಕಾದದ್ದು ರಬ್ಬರ್ ವಾಷರ್. ನಮ್ಮ ಕಮೋಡಲ್ಲಿ ವಾಷರೇ ಇರಲಿಲ್ಲ! ನುಣುಪಾದ ಪಿಂಗಾಣಿ ಮೇಲೆ ಗಟ್ಟಿ ಪ್ಲಾಸ್ಟಿಕ್ಕು. ಅಜ್ಜಿ ಏಳುವಾಗ ಒಂದು ಕಡೆ ಭಾರ ಹಾಕಿದಾಗಲೆಲ್ಲ ಸೀಟು ಚೂರು ಸರಿದು, ನಟ್ಟು ಚೂರು ಬಿಚ್ಚಿಕೊಳ್ಳುತ್ತಿತ್ತು.

ಊರಲ್ಲಿ ಆ ವಾಷರ್ ಸಿಗಲಿಲ್ಲ. ಪಂಕ್ಚರ್ ಅಂಗಡಿಯಾತ ನನ್ನ ಕಥೆ ಕೇಳಿ ನಕ್ಕು, "ಅಷ್ಟಕ್ಕೆ ಯಾಕ್ ಸಾರ್ ತಲೆ ಕೆಡಿಸ್ಕೊಂತೀರ" ಅಂತ ಹಳೇ ಸೈಕಲ್ ಟ್ಯೂಬು ಕೊಟ್ಟ. ಎಂಟಾಣೆ ಅಗಲಕ್ಕೆ ಎಂಟು ಬಿಲ್ಲೆ ಕತ್ತರಿಸಿ ನಡುವೆ ತೂತು ಮಾಡಿದೆ. ಬೋರ್‌ವೆಲ್ ನೀರಿನ ಬಿಳಿ ಕಟ್ಟು ಕೂತಿದ್ದ ಜಾಗಕ್ಕೆ ನಿಂಬೆಹಣ್ಣು ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು, ತೊಳೆದು ಚೆನ್ನಾಗಿ ಒರೆಸಿದೆ. ಸೀಟಿಗೂ ಪಿಂಗಾಣಿಗೂ ನಡುವೆ ಎರಡು ಬಿಲ್ಲೆ, ಕೆಳಗೆ ನಟ್ಟಿನ ಮೇಲೆ ಎರಡು. ಎರಡೂ ಕಡೆ ಹಾಗೇ. ಸೀಟನ್ನು ನೇರಕ್ಕೆ ತಂದು, ಮೇಲೆ ಬೋಲ್ಟಿನ ತಲೆಯನ್ನು ಸ್ಕ್ರೂ ಡ್ರೈವರಿನಿಂದ ಹಿಡಿದು, ಕೆಳಗೆ ನಟ್ಟನ್ನು ಕೈಯಲ್ಲೇ ಬಿಗಿದೆ. ಕೊನೆಗೆ ಸ್ಪ್ಯಾನರಲ್ಲಿ ಕಾಲು ಸುತ್ತು, ಅಷ್ಟೇ. ಜೋರು ಮಾಡಿದರೆ ಪಿಂಗಾಣಿ ಬಿರುಕು ಬಿಡುತ್ತೆ, ಆಗ ಇಡೀ ಕಮೋಡೇ ಬದಲಾಯಿಸಬೇಕು.

ಗುಬ್ಬಿಯಿಂದ ಒಂದು ಸ್ಟೀಲ್ ಹಿಡಿಕೆ ತಂದು ಪಕ್ಕದ ಗೋಡೆಗೂ ಹಾಕಿಸಿದೆ. ಇನ್ಮೇಲೆ ಏಳುವಾಗ ಭಾರ ಸೀಟಿನ ಮೇಲಲ್ಲ, ಗೋಡೆ ಮೇಲೆ.

ಅಜ್ಜಿ ಬಂದು ಮುಚ್ಚಳ ಹಾಕಿಸಿ, ಸೀರೆ ಸಮೇತ ಕೂತು, ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ನಮ್ಮ ಟೆಸ್ಟಿಂಗ್ ಟೀಮಿನವರೂ ಇಷ್ಟು ಅನುಮಾನದಿಂದ ನೋಡಲ್ಲ. "ಹ್ಞೂಂ, ಅಲ್ಲಾಡಲ್ಲ" ಅಂದರು. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಅದನ್ನೆಲ್ಲ ಫೋನಲ್ಲಿ ಹೆಂಗ್ಲಾ ಹೇಳದು? ನಿಂಗೆ ನೂರೆಂಟು ಕೆಲ್ಸ" ಅಂದರು. ದಿನಾ ರಾತ್ರಿ ಫೋನಲ್ಲಿ "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಅಂತ ಕೇಳ್ತಿದ್ದ ನಾನು ಇದನ್ನು ಒಂದು ದಿನವೂ ಕೇಳಿರಲಿಲ್ಲ.

ಅದಾಗಿ ಐದು ತಿಂಗಳಾಯ್ತು, ಸೀಟು ಗಟ್ಟಿಯಾಗಿದೆ. ನಾಲ್ಕು ಬಿಲ್ಲೆ ಟ್ಯೂಬಿನ್ನೂ ಶೆಲ್ಫಲ್ಲಿದೆ. ನೀವೂ ಈ ಸಲ ಊರಿಗೆ ಹೋದಾಗ ಸೀಟನ್ನು ಒಮ್ಮೆ ಅಲ್ಲಾಡಿಸಿ ನೋಡಿ. ಮನೆಯ ಹಿರಿಯರು ಅದನ್ನು ಬಾಯಿ ಬಿಟ್ಟು ಹೇಳಲ್ಲ.

ಮೊನ್ನೆ ಅಮ್ಮ ಫೋನಲ್ಲಿ ದೂರು ಹೇಳಿದರು: "ನಿಮ್ಮಜ್ಜಿಗೆ ಈಗ ದಿನಕ್ಕೆ ಮೂರು ಸಲ ಕಾಫಿ ಬೇಕಂತೆ ಕಣೋ."