ಮಗಳ ಜತೆ ಸಮ್ಮೇಳನಕ್ಕೆ

"ಅಮ್ಮಾ, ಶನಿವಾರ ನಿಮ್ಹಾನ್ಸ್‌ಗೆ ಹೋಗೋಣ, ಬಾ" ಎಂದು ಮಗಳು ಫೋನಿನಲ್ಲಿ ಹೇಳಿದಾಗ ನನ್ನ ಎದೆ ಧಸಕ್ಕೆಂದಿತು. ರಾತ್ರಿಯೆಲ್ಲ ನಿದ್ದೆಗೆಟ್ಟು ದುಡಿಯುವ ಹುಡುಗಿ, ಏನಾಯಿತೋ ಎಂದು ಗಾಬರಿ!

"ಆಸ್ಪತ್ರೆಗಲ್ಲಮ್ಮಾ, ಅಲ್ಲಿನ ಸಭಾಭವನಕ್ಕೆ. ನಮ್ಮ ಕೆಲಸದವರ ಸಮ್ಮೇಳನ. ನಾನೂ ಹತ್ತು ನಿಮಿಷ ಮಾತಾಡ್ಬೇಕು" ಎಂದು ನಕ್ಕಳು.

ಯಜಮಾನರಿಗೆ ಎರಡು ದಿನಕ್ಕಾಗುವಷ್ಟು ರೊಟ್ಟಿ, ಚಟ್ನಿಪುಡಿ ಮಾಡಿಟ್ಟು ತಿಪಟೂರಿನಲ್ಲಿ ರೈಲು ಹತ್ತಿದೆ. ನನ್ನ ಓದು ಎಸ್ಸೆಸ್ಸೆಲ್ಸಿಗೇ ನಿಂತಿತು. ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ "ಕಂಪ್ಯೂಟರು" ಎಂದು ಹೇಳಿ ಮಾತು ತೇಲಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಆಟೋದಲ್ಲಿ ಹೊಸೂರು ರಸ್ತೆಗೆ ಬಂದೆವು. ಒಳಗೆ ನೂರಾರು ಹುಡುಗರು, ಅಲ್ಲೊಬ್ಬಳು ಇಲ್ಲೊಬ್ಬಳು ಹುಡುಗಿ. ಎಲ್ಲರ ಬೆನ್ನಿಗೂ ಚೀಲ. ಸೀರೆ ಉಟ್ಟವಳು ನಾನೊಬ್ಬಳೇ! ಬಾಗಿಲಲ್ಲಿ ನನ್ನ ಹೆಸರು ಕೇಳಿ, ಚೀಟಿಯಲ್ಲಿ ಬರೆದು ಕೊರಳಿಗೆ ಹಾಕಿದರು. ಇಂಥವರ ಮನೆಯವರು ಎಂದಲ್ಲ, ಬರೀ ನನ್ನ ಹೆಸರು. ಮದುವೆಯಾದ ಮೇಲೆ ಎಲ್ಲೂ ಹಾಗೆ ಬರೆಸಿದ ನೆನಪಿಲ್ಲ.

ಭಾಷಣಗಳೆಲ್ಲ ಇಂಗ್ಲಿಷಿನಲ್ಲಿ. ಮಗಳು ಪಕ್ಕದಲ್ಲೇ ಕೂತು ಪಿಸುಮಾತಿನಲ್ಲಿ ಬಿಡಿಸಿ ಹೇಳಿದಳು. ಮೊದಲು ಪ್ರೋಗ್ರಾಂ ಬರೆಯುವವರದ್ದು ಒಂದು ಗುಂಪು, ಅದನ್ನು ಹಗಲೂ ರಾತ್ರಿ ನಡೆಸುವವರದ್ದು ಇನ್ನೊಂದು. ಕೆಟ್ಟರೆ ಒಬ್ಬರ ಮೇಲೊಬ್ಬರು ಹಾಕುವುದು. ಮದುವೆಮನೆಯಲ್ಲಿ ಅಡುಗೆಯವರು ಬಡಿಸುವವರನ್ನು, ಬಡಿಸುವವರು ಅಡುಗೆಯವರನ್ನು ಬೈಯುವ ಹಾಗೆ! ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರಬೇಕೆಂದು ಪ್ಯಾಟ್ರಿಕ್ ಡೆಬೋಯ್ ಎಂಬಾತ 2009ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ಊರಿನಲ್ಲಿ ಎರಡು ದಿನದ ಸಭೆ ಕರೆದನಂತೆ. ಡೆವ್‌ಆಪ್ಸ್ ಎಂಬ ಹೆಸರು ಹರಡಿದ್ದು ಅಲ್ಲಿಂದ.

2021ರ ಅಕ್ಟೋಬರ್ 4ರ ರಾತ್ರಿ ವಾಟ್ಸಾಪ್ ನಿಂತುಹೋದದ್ದು ನಿಮಗೂ ನೆನಪಿರಬಹುದು. ನನ್ನ ಫೋನೇ ಕೆಟ್ಟಿತೆಂದು ಆರಿಸಿ ಹಚ್ಚಿ ಕೂತಿದ್ದೆ. ಯಾವಾಗಲೂ ಮಾಡುವ ದುರಸ್ತಿಯ ಹೊತ್ತಿನಲ್ಲಿ ಕೊಟ್ಟ ಒಂದು ಆಜ್ಞೆಯಿಂದ ಹಾಗಾಯಿತಂತೆ. ತಪ್ಪು ಆಜ್ಞೆಯನ್ನು ತಡೆಯಬೇಕಾದ ಪರೀಕ್ಷೆಯಲ್ಲೇ ದೋಷವಿತ್ತು. ದೂರದಿಂದ ಸರಿಮಾಡುವ ದಾರಿಗಳೂ ಮುಚ್ಚಿಹೋಗಿ, ಎಂಜಿನಿಯರುಗಳು ಯಂತ್ರಗಳಿದ್ದ ಜಾಗಕ್ಕೇ ಹೋಗಬೇಕಾಯಿತು. ಆರು ಗಂಟೆ ಹಿಡಿಯಿತು. "ಯಾರು ಒತ್ತಿದ್ದು ಎಂದು ಕೇಳಿ ಏನು ಪ್ರಯೋಜನ? ಒತ್ತಿದರೆ ಎಲ್ಲವೂ ನಿಲ್ಲುವ ಹಾಗೆ ಯಾಕಿತ್ತು ಅಂತ ಕೇಳ್ಬೇಕು" ಎಂದಳು ಮಗಳು. ತಪ್ಪು ಮಾಡಿದವರನ್ನು ದೂಷಿಸದೆ ಕಾರಣ ಹುಡುಕುವ ಈ ಪದ್ಧತಿಯ ಬಗ್ಗೆ 2012ರಲ್ಲಿ ಜಾನ್ ಆಲ್‌ಸ್ಪಾ ಎಂಬ ಅಮೆರಿಕದ ಎಂಜಿನಿಯರ್ ಬರೆದ ಲೇಖನವನ್ನು ಇವರೆಲ್ಲ ಓದುತ್ತಾರಂತೆ. ಬೈದರೆ ಜನ ನಿಜ ಮುಚ್ಚಿಡುತ್ತಾರೆ, ಅದೇ ತಪ್ಪು ಮತ್ತೆ ಆಗುತ್ತದೆ.

ನಂತರ ಮಗಳ ಸರದಿ. ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯಿತು. ಉಳಿದದ್ದನ್ನು ಪರದೆಯ ಚಿತ್ರಗಳು ಹೇಳಿದವು. ಮೂರು ತಿಂಗಳ ಹಿಂದೆ ರಾತ್ರಿ ಎರಡೂವರೆಗೆ ಫೋನು ಬಡಿದು ಎಬ್ಬಿಸಿದಾಗ, ಪ್ರಯೋಗಕ್ಕೆಂದು ಇಟ್ಟ ಲೆಕ್ಕದ ಬದಲು ಗಿರಾಕಿಗಳ ನಿಜವಾದ ಲೆಕ್ಕವನ್ನೇ ಇವಳು ಅಳಿಸಿಬಿಟ್ಟಿದ್ದಳು. ಎರಡೂ ಪರದೆ ಒಂದೇ ಬಣ್ಣ. ಈಗ ನಿಜವಾದದ್ದಕ್ಕೆ ಕೆಂಪು ಬಣ್ಣ ಬಳಿದಿದ್ದಾರೆ, ಅಳಿಸಲು ಇಬ್ಬರು ಒಪ್ಪಬೇಕು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ನನ್ನ ಮಗಳ ಕಷ್ಟ ಇಷ್ಟು ಜನರ ಜತೆ ನನಗೂ ಈಗಲೇ ತಿಳಿಯಬೇಕೆ?

ಊಟಕ್ಕೆ ಬಿಸಿಬೇಳೆಬಾತು, ಮೊಸರನ್ನ. ತಟ್ಟೆ ಹಿಡಿದು ಒಂದು ಮೂಲೆಯಲ್ಲಿ ನಿಂತು ಕೇಳಿದೆ, "ನನಗ್ಯಾಕೆ ಹೇಳಲಿಲ್ಲ?"

"ನಿನಗೆ ಹೇಳಿದ್ರೆ, ಕಣ್ಣು ಎಲ್ಲಿಟ್ಟುಕೊಂಡಿದ್ದೆ ಅಂತಿದ್ದೆ" ಎಂದಳು, ಸಿಟ್ಟಿಲ್ಲದೆ.

ತುತ್ತು ಗಂಟಲಲ್ಲೇ ನಿಂತಿತು. ಅವಳಿಗೆ ಹನ್ನೆರಡು ವರ್ಷವಿದ್ದಾಗ, ಗೌರಿಹಬ್ಬದ ದಿನ ಪಾಯಸಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದ್ದಳು. ನೆಂಟರ ಎದುರಿಗೇ ನಾನು ಅಂದದ್ದು ಅದೇ ಮಾತು. ಆಮೇಲೆ ಅವಳು ಏನನ್ನಾದರೂ ಒಡೆದರೆ ಚೂರುಗಳು ಸಿಗುತ್ತಿದ್ದವೇ ಹೊರತು ಸುದ್ದಿ ಸಿಗುತ್ತಿರಲಿಲ್ಲ. ಉಪ್ಪು, ಸಕ್ಕರೆ ಎರಡೂ ಒಂದೇ ಥರದ ಸ್ಟೀಲ್ ಡಬ್ಬಿಯಲ್ಲಿದ್ದವು. ಇಟ್ಟವಳು ನಾನು.

ಊರಿಗೆ ಬಂದವಳೇ ಉಪ್ಪನ್ನು ಕೆಂಪು ಮುಚ್ಚಳದ ಜಾಡಿಗೆ ಸುರಿದೆ. ಯಜಮಾನರು ನಕ್ಕರು, ನಗಲಿ.

ಮೊನ್ನೆ ಮಗಳ ಫೋನು: "ಅಮ್ಮಾ, ಗ್ಯಾಸ್ ಮೇಲೆ ಹಾಲಿಟ್ಟು ಮಲಗಿಬಿಟ್ಟೆ, ಪಾತ್ರೆ ಸುಟ್ಟುಹೋಯ್ತು." ಹಳೇ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡು, "ನೆನ್ನೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದೆ, ಮಗಳೇ?" ಎಂದು ಕೇಳಿದೆ. ಅವಳು ಅರ್ಧ ಗಂಟೆ ಮಾತಾಡಿದಳು.