ಆತ್ರೇಯಿ ಮುಂದೇನಾದಳು?

ಭವಭೂತಿಯ ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ ಆತ್ರೇಯಿ ಎಂಬಾಕೆ ಬರುವಳು. ಕುಶಲವರ ಬುದ್ಧಿಯ ವೇಗಕ್ಕೆ ಹೆಜ್ಜೆಗೂಡಲಾರದೆ ವಾಲ್ಮೀಕಿಗಳ ಆಶ್ರಮವನ್ನು ಬಿಟ್ಟು, ವೇದಾಂತವನ್ನು ಕಲಿಯಲೆಂದು ಅಗಸ್ತ್ಯರಿರುವೆಡೆಗೆ ಹೊರಟವಳು. ಓದಿಗಾಗಿ ಕಾಡು ದಾಟುವ ಹೆಣ್ಣು! ಆದರೆ ಕವಿ ಆಕೆಯನ್ನು ಅಲ್ಲಿಯೇ ಕೈಬಿಡುವನು. ಮುಂದೇನು ಕಲಿತಳೆಂಬುದನ್ನು ಹೇಳನು.

ಅಮೆರಿಕದ ದೂರದರ್ಶನವು 1987ರಲ್ಲಿ ಅಂಥವಳೊಬ್ಬಳ ಬೆನ್ನುಹತ್ತಿತು. ‘ದಿ ಕಾಸ್ಬಿ ಷೋ’ ಎಂಬ ಗೃಹಹಾಸ್ಯದ ಮಗಳು ಡೆನಿಸ್, ‘ಎ ಡಿಫರೆಂಟ್ ವರ್ಲ್ಡ್’ ಎಂಬ ಶಾಖಾಕಥೆಯಲ್ಲಿ, ಕರಿಯ ಜನಾಂಗದವರ ವಿದ್ಯೆಗೆಂದು ನಿಂತ ಹಿಲ್‌ಮನ್ ಎಂಬ ಕಲ್ಪಿತ ಕಾಲೇಜಿನಲ್ಲಿ ಓದತೊಡಗಿದಳು. ಆದರೇನು? ಕಥೆಗೆ ವರ್ಷ ತುಂಬುತ್ತಲೇ ಓದನ್ನು ಬಿಟ್ಟು ಆಫ್ರಿಕಕ್ಕೆ ಹೋದವಳು, 1989ರಲ್ಲಿ ನೌಕಾಧಿಕಾರಿಯೊಬ್ಬನ ಹೆಂಡತಿಯಾಗಿ ತವರಿಗೆ ಬಂದಳು! ನಾಯಿಕೆ ಹೋದರೂ ಕಾಲೇಜು ನಿಂತಿತು. ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ತಾನೇ ಓದಿದ್ದ ಡೆಬ್ಬಿ ಆಲೆನ್ 1988ರಲ್ಲಿ ಹೊಣೆ ಹೊತ್ತ ಮೇಲೆಯೇ ಕಥೆ ಕಳೆಗಟ್ಟಿತು; 1993ರವರೆಗೂ ನಡೆಯಿತು.

ವಿಜಯನಗರದ ಮನೆಗಳಲ್ಲಿ ಸಂಜೆ ನೋಡುವ ಧಾರಾವಾಹಿಗಳು ಬಹುಮಟ್ಟಿಗೆ ಅತ್ತೆಸೊಸೆಯರವು. ಅದೇ ಮನೆಯ ಹುಡುಗಿ ಬೆಳಗ್ಗೆ ಮೆಟ್ರೋ ಹತ್ತಿ, 2021ರಲ್ಲಿ ಕೆಂಗೇರಿಯವರೆಗೆ ಚಾಚಿದ ದಾರಿಯಲ್ಲಿ, ಜ್ಞಾನಭಾರತಿಯಲ್ಲಿ ಇಳಿಯುವಳು. ಅಲ್ಲಿಂದಾಚೆಗಿನ ಅವಳ ದಿನದ ಕಥೆ ಯಾರಿಗೂ ಬೇಕಾಗಿಲ್ಲ. ಸಂಜೆ ಹಿಂದಿರುಗಿದಾಗ ಮನೆಯವರು ಕೇಳುವುದು, ಊಟವಾಯಿತೆ ಎಂಬುದೊಂದನ್ನೇ.