ಒತ್ತಕ್ಷರ ಬಂದ ಭಾನುವಾರ

ಡೊಂಬಿವಿಲಿಯಿಂದ ಮುಂಬಯಿಯ ಕೋಟೆ ಪ್ರದೇಶದ ನಮ್ಮ ಬ್ಯಾಂಕಿಗೆ ಲೋಕಲ್ ಗಾಡಿಯಲ್ಲಿ ಹೆಚ್ಚುಕಮ್ಮಿ ಒಂದೂಕಾಲು ಗಂಟೆಯ ಪ್ರಯಾಣ. ಬೆಳಗಿನ ಗಾಡಿಯಲ್ಲಿ ನಿಂತವನಿಗೆ ಕೈ ಎತ್ತಲೂ ಜಾಗವಿರುವುದಿಲ್ಲ, ಇನ್ನು ಪೇಪರ್ ಬಿಡಿಸುವ ಮಾತೆಲ್ಲಿ? 'ಕರ್ನಾಟಕ ಮಲ್ಲ'ವನ್ನು ಎಂಟು ಮಡಿಕೆ ಮಾಡಿ ಓದುವ ಕಲೆ ನಮ್ಮಲ್ಲಿ ಕೆಲವರಿಗೆ ಸಿದ್ಧಿಸಿತ್ತು. ನನಗೆ ಅದು ಒಲಿಯಲಿಲ್ಲ. ಅದಕ್ಕೇ 2011ರಲ್ಲಿ ಹದಿನೆಂಟು ಸಾವಿರ ರೂಪಾಯಿ ಕೊಟ್ಟು ಒಂದು ಆಂಡ್ರಾಯ್ಡ್ ಫೋನು ಕೊಂಡೆ. ಅಂಗೈಯಲ್ಲೇ ಕನ್ನಡ ಓದಬಹುದು ಅಂತ ಆಸೆ.

ತೆರೆದರೆ ಬರೀ ಚೌಕ. ಸಾಲುಸಾಲು ಚೌಕಗಳು, ಚೆಕ್ಕಿನ ಮೇಲೆ ಖಾತೆ ನಂಬರ್ ಬರೆಯಲು ಬಿಟ್ಟ ಖಾನೆಗಳ ಹಾಗೆ. ಅದು ಜಿಂಜರ್‌ಬ್ರೆಡ್, ಅಂದರೆ ಆಂಡ್ರಾಯ್ಡ್ 2.3ರ ಕಾಲ. ನನ್ನ ಫೋನಿನೊಳಗೆ ಕನ್ನಡ ಲಿಪಿಯೇ ಇರಲಿಲ್ಲ. ಕಂಪ್ಯೂಟರಿನಲ್ಲಾದರೋ 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೇ 'ತುಂಗಾ' ಅಕ್ಷರ ಬಂದಿತ್ತು. ಹತ್ತು ವರ್ಷದ ಮೇಲೆ ಬಂದ ಈ ದುಬಾರಿ ಯಂತ್ರ ನಿರಕ್ಷರಿ! ತಮಾಷೆ ಎಂದರೆ, ಶಿರಸಿ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಅಕ್ಕನ ಒಂದೂವರೆ ಸಾವಿರದ ಗುಂಡಿ ಫೋನಿನಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅವಳು ಕನ್ನಡದಲ್ಲಿ ಮೆಸೇಜು ಕಳಿಸುವಳು, ನನಗೆ ಬರುವುದು ಚೌಕ.

ಒಪೆರಾ ಮಿನಿಯ ಒಂದು ಉಪಾಯ ಆಗ ಪ್ರಚಾರದಲ್ಲಿತ್ತು. ಅದರ ಒಳಗಿನ ಒಂದು ಆಯ್ಕೆ ಬದಲಿಸಿದರೆ ಕನ್ನಡವನ್ನು ಅಕ್ಷರವಾಗಿ ಅಲ್ಲ, ಚಿತ್ರವಾಗಿ ಕಳಿಸುತ್ತಿತ್ತು. ಸುದ್ದಿ ಓದಲು ಅಷ್ಟು ಸಾಕು. ಆದರೆ ಮೆಸೇಜಿಗೆ ಅದು ಒದಗದು. ಹೀಗಾಗಿ ಅಕ್ಕ ತನ್ನ ಮಗನಿಂದ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಸತೊಡಗಿದಳು. ಇಂಗ್ಲಿಷ್ ಅಕ್ಷರಕ್ಕೆ ನಮ್ಮ ಲ, ಳಗಳ ಭೇದವೂ ಇಲ್ಲ, ಹ್ರಸ್ವ ದೀರ್ಘದ ಹಂಗೂ ಇಲ್ಲ ನೋಡಿ. 2012ರ ಮಳೆಗಾಲದಲ್ಲಿ ಅಮ್ಮ ಆಸ್ಪತ್ರೆ ಸೇರಿದ್ದಾಗ ಒಂದು ಮೆಸೇಜು ಬಂತು: ಬಿಲ್ಲು ಕಟ್ಟಿ ಆಯಿತು, 'ಬಲೆ' ಮಾರಿದೆವು ಅಂತ. ಬಳೆಯೋ ಬಾಳೆಯೋ? ತೋಟದ ಬಾಳೆಗೊನೆ ಮಾರಿದ್ದರೆ ಅದು ವಾಡಿಕೆ. ಅಮ್ಮನ ಕೈಯ ಬಳೆಯಾದರೆ ಬೇರೆಯೇ ವಿಷಯ. ಕೌಂಟರಿನ ಹಿಂದೆ ಕುಳಿತು ಸಂಜೆಯವರೆಗೆ ಆ ನಾಲ್ಕಕ್ಷರದ ಇಂಗ್ಲಿಷ್ ಪದವನ್ನು ಎಷ್ಟು ಸಲ ನೋಡಿದೆನೋ. ಫೋನ್ ಮಾಡಿ ಕೇಳಿದರೆ, ಬಳೆಯೇ. "ನಿಂಗೆ ಯಾಕೆ ತಲೆಬಿಸಿ ಅಂತ ಮೊದಲು ಹೇಳ್ಲಿಲ್ಲ" ಅಂದಳು ಅಕ್ಕ. ಹಣ ಮಾರನೆಯ ದಿನವೇ ಕಳಿಸಿದೆ. ಬಳೆ ವಾಪಸು ಬರಲಿಲ್ಲ ಬಿಡಿ.

ಕಂಪನಿಯ ಸೇವಾ ಕೇಂದ್ರಕ್ಕೆ ಹೋಗಿ ಕೇಳಿದೆ. ಈ ಮಾಡೆಲ್ಲಿಗೆ ಇನ್ನು ಹೊಸ ಆವೃತ್ತಿ ಬರುವುದಿಲ್ಲ, ಹೊಸ ಫೋನ್ ತಗೊಳ್ಳಿ ಅಂದರು. ಫೋನಿಗೆ ಆಗ ಒಂದು ವರ್ಷ ತುಂಬಿತ್ತಷ್ಟೆ.

ನಮ್ಮ ಮೇಲಿನ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಒಬ್ಬ ಮರಾಠಿ ಹುಡುಗನಿದ್ದ. "ಕಾಕಾ, ರೂಟ್ ಮಾಡೋಣ" ಅಂದ. ರೂಟ್ ಎಂದರೆ ಬೇರು ಅನ್ನುವುದೊಂದೇ ನನಗೆ ಗೊತ್ತಿದ್ದದ್ದು; ಬೇರು ಕಿತ್ತುಕೊಂಡು ಬಂದವರಿಗೆ ಬೇರಿನ ಮಾತೆಂದರೆ ಕಿವಿ ನೆಟ್ಟಗಾಗುತ್ತದೆ. ಅವನು ವಿವರಿಸಿದ್ದನ್ನು ನಾನು ಬ್ಯಾಂಕಿನ ಭಾಷೆಗೆ ಇಳಿಸಿಕೊಂಡೆ. ಲಾಕರಿಗೆ ಎರಡು ಬೀಗದ ಕೈ. ಒಂದು ಗ್ರಾಹಕನದು, ಇನ್ನೊಂದು ಬ್ಯಾಂಕಿನದು, ಎರಡೂ ಸೇರಿದರೇ ಬಾಗಿಲು ತೆರೆಯುವುದು. ಫೋನಿನಲ್ಲಿ ಬ್ಯಾಂಕಿನ ಕೈ ಕಂಪನಿಯ ಹತ್ತಿರ ಇರುತ್ತದೆ. ಹಣ ಕೊಟ್ಟು ಕೊಂಡವನಾದರೂ ಒಳಗಿನ 'ಸಿಸ್ಟಮ್' ಎಂಬ ಕೋಣೆಗೆ ನಾನು ಒಂದು ಫೈಲನ್ನೂ ಹಾಕಲಾರೆ, ಒಂದನ್ನೂ ತೆಗೆಯಲಾರೆ. ಲಿನಕ್ಸ್ ಲೋಕದಲ್ಲಿ ಎಲ್ಲ ಅಧಿಕಾರವೂ ಇರುವ ಬಳಕೆದಾರನ ಹೆಸರೇ ರೂಟ್. ಆ ಅಧಿಕಾರ ಪಡೆಯುವುದೇ ರೂಟ್ ಮಾಡುವುದು.

ಮೊದಲ ಪ್ರಯತ್ನ ಫಾಂಟಿನದು. ರೂಟ್ ಆದ ಮೇಲೆ ಸಿಸ್ಟಮ್ ಕೋಣೆಯ ಫಾಂಟುಗಳ ಕಪಾಟಿಗೆ ಕನ್ನಡ ಅಕ್ಷರಗಳಿರುವ ಫೈಲನ್ನು ತುರುಕಿದ. ಚೌಕಗಳು ಹೋದವು, ಅಕ್ಷರ ಬಂತು, ಆದರೆ ಒತ್ತಕ್ಷರ ಬರಲಿಲ್ಲ. 'ಅಮ್ಮ' ಎನ್ನುವುದು 'ಅಮ್‌ಮ' ಆಯಿತು, 'ಅಕ್ಕ' 'ಅಕ್‌ಕ' ಆದಳು. ಒಂದನೇ ಇಯತ್ತೆಯ ಮಗು ತಡವರಿಸಿ ಓದಿದ ಹಾಗೆ. ಕಾರಣ ಇಷ್ಟೆ: ಕನ್ನಡಕ್ಕೆ ಅಕ್ಷರದ ಅಚ್ಚು ಮಾತ್ರ ಸಾಲದು. ಯಾವುದು ಯಾವುದರ ಕೆಳಗೆ ಕೂರಬೇಕು ಎಂದು ತಿಳಿದ ಜೋಡಣೆಯ ತಂತ್ರಾಂಶವೂ ಬೇಕು. ಆಂಡ್ರಾಯ್ಡ್‌ಗೆ ಕನ್ನಡ, ತೆಲುಗು, ಮಲಯಾಳಂ ಲಿಪಿಗಳು ಅಧಿಕೃತವಾಗಿ ಬಂದದ್ದು 2012ರ 4.1, ಅಂದರೆ ಜೆಲ್ಲಿ ಬೀನ್‌ನಲ್ಲಿ. ಅದನ್ನೇ ಹಾಕಬೇಕು. ಕಂಪನಿ ಕೊಡುವುದಿಲ್ಲ.

ಕೊಟ್ಟವರು ಸಯನೋಜೆನ್‌ಮಾಡ್‌ನವರು. ಅಮೆರಿಕದ ಸ್ಟೀವ್ ಕಾಂಡಿಕ್ 2009ರಲ್ಲಿ ಹುಟ್ಟುಹಾಕಿದ ಕೂಟ ಅದು. ಆಂಡ್ರಾಯ್ಡ್‌ನ ಮೂಲವನ್ನು ಗೂಗಲ್ ಬಹಿರಂಗವಾಗಿ ಕೊಡುತ್ತದಲ್ಲ, ಅದನ್ನು ಒಂದೊಂದು ಹಳೆಯ ಫೋನಿಗೂ ಹೊಂದಿಸುವ ಕೆಲಸವನ್ನು ಸ್ವಯಂಸೇವಕರು ಮಾಡುತ್ತಿದ್ದರು. ಸಂಬಳವಿಲ್ಲ. ಮೂವತ್ತು ವರ್ಷ ಇನ್‌ಕ್ರಿಮೆಂಟ್ ಎಣಿಸಿದ ನನಗೆ ಇದು ನಂಬಲು ಕಷ್ಟವಾಗಿತ್ತು.

2013ರ ಫೆಬ್ರವರಿಯ ಒಂದು ಭಾನುವಾರ ಕುಳಿತೆವು. ಮಾರ್ಚ್ ಬಂದರೆ ಇಯರ್ ಎಂಡಿಂಗ್, ಬ್ಯಾಂಕಿನವನಿಗೆ ಪುರಸೊತ್ತಿಲ್ಲ. ನಡುವೆ ಕರೆಂಟು ಹೋದರೆ ಫೋನು ಇಟ್ಟಿಗೆಯಾಗುತ್ತದೆ ಅಂತ ಹುಡುಗ ಹೆದರಿಸಿದ್ದರಿಂದ ಫೋನು, ಲ್ಯಾಪ್‌ಟಾಪು ಎರಡನ್ನೂ ತುಂಬ ಚಾರ್ಜು ಮಾಡಿದ್ದೆ. ಮೊದಲು ಕ್ಲಾಕ್‌ವರ್ಕ್‌ಮಾಡ್ ಎಂಬ ರಿಕವರಿ ಕೂರಿಸಿದ. ಫೋನು ಏಳುವ ಮೊದಲೇ ನಮ್ಮ ಮಾತು ಕೇಳುವ ಸಣ್ಣ ಬಾಗಿಲು ಅದು. ಅದರಿಂದ ಇದ್ದದ್ದರದೆಲ್ಲ ಒಂದು ಪೂರ್ತಿ ನಕಲು ಮೆಮೊರಿ ಕಾರ್ಡಿಗೆ. ಕೆಟ್ಟರೆ ಹಿಂದಿರುಗಲು ದಾರಿ ಬೇಕಲ್ಲ. ಆಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದ. ಗೂಗಲ್‌ನ ಮೇಲ್, ಪ್ಲೇ ಸ್ಟೋರ್ ಬೇರೆ ಕಂತು. ಅವು ಮುಕ್ತವಲ್ಲ. ಜೊತೆಯಲ್ಲೇ ಹಂಚುವಂತಿಲ್ಲ ಎಂದು 2009ರಲ್ಲೇ ಗೂಗಲ್ ನೋಟಿಸು ಕೊಟ್ಟಿತ್ತಂತೆ.

ಮೊದಲ ಸಲ ಏಳಲು ಬಹಳ ಹೊತ್ತು ಹಿಡಿಯಿತು. ವೃತ್ತಾಕಾರದ ಗುರುತು ಸುತ್ತುತ್ತಲೇ ಇತ್ತು. ನನ್ನ ಹೆಂಡತಿ ಎರಡನೇ ಸಲ ಚಹಾ ತಂದಿಟ್ಟು, "ಹದಿನೆಂಟು ಸಾವಿರ" ಎಂದಷ್ಟೇ ಹೇಳಿ ಒಳಗೆ ಹೋದಳು. ಕೊನೆಗೆ ಎದ್ದಿತು. ಅಕ್ಕನಿಗೆ ಫೋನ್ ಮಾಡಿ ಕನ್ನಡದಲ್ಲೇ ಒಂದು ಕಳಿಸು ಅಂದೆ. ಬಂತು: "ಅಮ್ಮ ಇವತ್ತು ಎರಡು ದೋಸೆ ತಿಂದಳು. ಬೆಲ್ಲ ಕೇಳಿದಳು." ಮ್ಮ ಇದೆ, ಲ್ಲ ಇದೆ. "ಕಾಕಾ, ನಿಮ್ಮ ಜಿಲೇಬಿ ಬಂತು!" ಎಂದ ಹುಡುಗ. ಅಮ್ಮ ಆಮೇಲೆ ಹದಿನಾಲ್ಕು ತಿಂಗಳು ಇದ್ದಳು. ಕನ್ನಡ ಮೆಸೇಜಿಗೆ ಎಪ್ಪತ್ತೇ ಅಕ್ಷರದ ಮಿತಿ, ಇಂಗ್ಲಿಷಿಗಾದರೆ ನೂರರವತ್ತು. ಆ ಎಪ್ಪತ್ತರಲ್ಲೇ ಅಕ್ಕ ದಿನವೂ ಅಮ್ಮನ ವರದಿ ಒಪ್ಪಿಸಿದಳು. ಅವನ್ನು ನಾನು ಅಳಿಸಿಲ್ಲ.

ಈಗ ಯಾವ ಸಾಮಾನ್ಯ ಫೋನು ಕೊಂಡರೂ ಕನ್ನಡ ತಾನಾಗಿಯೇ ಬರುತ್ತದೆ, ಅದಕ್ಕಾಗಿ ಬೀಗ ಮುರಿಯಬೇಕಿಲ್ಲ. ಸಯನೋಜೆನ್‌ಮಾಡ್ 2016ರ ಡಿಸೆಂಬರಿನಲ್ಲಿ ಮುಚ್ಚಿತು. ಅದೇ ಕೆಲಸವನ್ನು ಲೀನಿಯೇಜ್ ಓಎಸ್ ಮುಂದುವರಿಸಿದೆ. ಯಂತ್ರ ಗಟ್ಟಿಯಿದ್ದರೂ ಕಂಪನಿ ಕೈಬಿಟ್ಟ ಫೋನುಗಳಿಗೆ ಇಂದಿಗೂ ಅದು ಆಸರೆ. ಆದರೆ ಬ್ಯಾಂಕಿನ ಆ್ಯಪುಗಳು ಇಂಥ ಫೋನುಗಳನ್ನು ಅನುಮಾನದಿಂದ ನೋಡುತ್ತವೆ, ಹಲವು ತೆರೆಯುವುದೇ ಇಲ್ಲ. ಸಿಟ್ಟು ಬರುತ್ತದೆ ಸರಿ, ಆದರೆ ನಾನು ಕೌಂಟರಿನ ಆ ಬದಿಯಲ್ಲೂ ಕುಳಿತವನು. ರೂಟ್ ಅಧಿಕಾರ ಸಿಕ್ಕ ಆ್ಯಪು ಬೇರೆ ಆ್ಯಪಿನ ಗುಟ್ಟನ್ನೂ, ಒಟಿಪಿಯನ್ನೂ ಓದಬಲ್ಲದು. ಸ್ಟ್ರಾಂಗ್ ರೂಮಿನ ಎರಡೂ ಕೈಗಳನ್ನು ಒಬ್ಬನ ಜೇಬಿನಲ್ಲಿಡಲು ನಾವು ಬಿಡುತ್ತಿದ್ದೆವೇ? ಹಾಗಂತ ನಾಲ್ಕೈದು ವರ್ಷದಿಂದ ಸುರಕ್ಷತೆಯ ತೇಪೆಯನ್ನೇ ಕಾಣದ ಹಳೇ ಫೋನು ಕಂಪನಿಯ ಮುದ್ರೆಯೊಂದಿದ್ದರೆ ಪಾಸಾಗುವುದೂ ಉಂಟು. ಈ ಲೆಕ್ಕ ನನಗೆ ಇನ್ನೂ ಟ್ಯಾಲಿ ಆಗಿಲ್ಲ.

ನಿವೃತ್ತಿಯ ನಂತರ ನನ್ನ ಹತ್ತಿರ ಎರಡು ಫೋನು. ದುಡ್ಡಿನದಕ್ಕೆ ಕಂಪನಿಯ ಬೀಗ ಹಾಗೇ ಇದೆ; ಓದಿನದು ಹಳೆಯದು, ಬೀಗ ತೆರೆದದ್ದು. ಕಳೆದ ತಿಂಗಳು ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಸಿಕ್ಕ ಗೆಳೆಯರೊಬ್ಬರು 2017ರ ಫೋನು ಹಿಡಿದುಕೊಂಡು, "ಇದಕ್ಕೂ ಹೊಸ ಜೀವ ಕೊಡಿ" ಅಂದರು. ಫೋಟೋಗಳ ನಕಲು ತೆಗೆದಿದ್ದೀರಾ, ಬೂಟ್‌ಲೋಡರ್ ಬೀಗ ತೆಗೆಯುವಾಗ ಎಲ್ಲ ಅಳಿಸಿಹೋಗುತ್ತೆ ಅಂದೆ. ತೆಗೆದಿದ್ದರು. ಪೆನ್ಶನ್ ಖಾತೆಯ ಯುಪಿಐ ಯಾವುದರಲ್ಲಿದೆ ಅಂದೆ. "ಇದರಲ್ಲೇ, ಇನ್ನೊಂದು ಎಲ್ಲಿದೆ?" ಎಂದರು. ಫೋನನ್ನು ಅವರ ಕೈಗೇ ಕೊಟ್ಟು, ಇಡ್ಲಿ ತಿನ್ನೋಣ ಬನ್ನಿ ಎಂದೆ.